ಯೆಹೋವ, ಸರ್ವೇಶ್ವರ, ಸರ್ವೆಸ್ಪರ್: ಕರಾವಳಿಯಲ್ಲಿ ಒಂದು ದೇವನಾಮದ ಚರಿತ್ರೆ

ಕ್ರೈಸ್ತರ ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆ ಮೂಲತಃ ಯೆಹೂದ್ಯರ ಧರ್ಮಗ್ರಂಥವಾಗಿದ್ದು, ಅದರ ಬಹುಪಾಲು ಹೀಬ್ರೂ ಭಾಷೆಯಲ್ಲಿದೆ. ಆ ಗ್ರಂಥದಲ್ಲಿ ದೇವರಿಗೆ ಬಿರುದುಗಳು ಹಲವಿದ್ದರೂ ಅಂಕಿತನಾಮ ಎನ್ನಬಹುದಾದದ್ದು ಒಂದೇ ಇದೆ. ನಾಲ್ಕು ವ್ಯಂಜನಗಳ ಆ ಹೆಸರು 6,800ಕ್ಕಿಂತ ಹೆಚ್ಚು ಸಲ ಬರುತ್ತದೆ. ಆದರೆ ಹೆಚ್ಚಿನ ಇಂಗ್ಲಿಷ್ ಬೈಬಲ್ಲುಗಳನ್ನು ತೆರೆದವರಿಗೆ ಆ ಹೆಸರು ಕಣ್ಣಿಗೆ ಬೀಳುವುದೇ ಅಪರೂಪ, ಏಕೆಂದರೆ ಅದರ ಜಾಗದಲ್ಲಿ ‘ಒಡೆಯ’ ಎಂಬರ್ಥದ ‘ಲಾರ್ಡ್’ ಎಂಬ ಪದವನ್ನು ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಈ ಪದವನ್ನು ತೆಗೆದು ಮೂಲ ಹೀಬ್ರೂ ನಾಮವನ್ನೇ ಮರಳಿ ಇಡಬೇಕೆಂಬ ವಾದ ಇಂಗ್ಲಿಷ್ ಜಗತ್ತಿನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದು ಬಂದಿದೆ. ಕನ್ನಡದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು: ಇಲ್ಲಿನ ಹಳೆಯ ಭಾಷಾಂತರದಲ್ಲಿ ಹೆಸರು ಉಳಿದೇ ಇದೆ, ಅದನ್ನು ತೆಗೆದು ಬಿರುದನ್ನು ಇಟ್ಟದ್ದು ಈಚಿನವರು. ಕನ್ನಡ, ಕೊಂಕಣಿ, ಮರಾಠಿ ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಕಾರವಾರ ಮತ್ತು ಅಂಕೋಲೆಯ ಸೀಮೆಯಲ್ಲಿ ನಿಂತು ನೋಡಿದರೆ, ಈ ವಾದದ ಎಷ್ಟು ಭಾಗ ಇಂಗ್ಲಿಷಿಗೆ ಮಾತ್ರ ಸಲ್ಲುವಂಥದು, ಎಷ್ಟು ಭಾಗ ಎಲ್ಲ ಭಾಷೆಗಳಿಗೂ ಸಲ್ಲುವಂಥದು ಎಂಬುದು ಬಿಡಿಸಿಕೊಳ್ಳುತ್ತದೆ.

ಹೀಬ್ರೂವಿನ ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರಗಳಿಂದ ಆದ ಈ ನಾಮಕ್ಕೆ ವಿದ್ವಾಂಸರು ‘ಚತುರಕ್ಷರಿ’ ಎಂಬರ್ಥದ ಗ್ರೀಕ್ ಹೆಸರನ್ನು ಕೊಟ್ಟಿದ್ದಾರೆ. ವಿಮೋಚನಕಾಂಡದ ಮೂರನೆಯ ಅಧ್ಯಾಯದಲ್ಲಿ, ಉರಿಯುವ ಪೊದೆಯ ಬಳಿ ಮೋಶೆ ದೇವರ ಹೆಸರನ್ನು ಕೇಳುವ ಸಂದರ್ಭದಲ್ಲಿ, ಇದನ್ನು ‘ಇರು’ ಎಂಬರ್ಥದ ಧಾತುವಿನೊಡನೆ ಜೋಡಿಸಿ ವಿವರಿಸಲಾಗಿದೆ. ಹೆಸರು ಬಹಳ ಹಳೆಯದು ಎಂಬುದಕ್ಕೆ ಬೈಬಲ್ಲಿನ ಹೊರಗೂ ಸಾಕ್ಷಿಗಳಿವೆ. 1868ರಲ್ಲಿ ಇಂದಿನ ಜೋರ್ಡಾನ್ ದೇಶದಲ್ಲಿ ಬೆಳಕಿಗೆ ಬಂದ, ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಮೋವಾಬ್ ರಾಜ ಮೇಷನ ಶಾಸನದಲ್ಲಿ ಈ ನಾಲ್ಕಕ್ಷರ ಸ್ಪಷ್ಟವಾಗಿವೆ; 1979ರಲ್ಲಿ ಜೆರುಸಲೇಮಿನ ಗೋರಿಯೊಂದರಲ್ಲಿ ಸಿಕ್ಕ ಎರಡು ಪುಟ್ಟ ಬೆಳ್ಳಿಯ ಸುರುಳಿಗಳ ಮೇಲೂ ಯಾಜಕರ ಆಶೀರ್ವಚನದ ನಡುವೆ ಅವನ್ನು ಕೆತ್ತಲಾಗಿದೆ.

ಇಷ್ಟು ಬಳಕೆಯಲ್ಲಿದ್ದ ನಾಮವನ್ನು ಯೆಹೂದ್ಯರು ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಕ್ರಮೇಣ ಬಾಯಿಂದ ಉಚ್ಚರಿಸುವುದನ್ನು ಬಿಟ್ಟರು. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಆಜ್ಞೆಯ ಭಯವೂ ಇದಕ್ಕೆ ಕಾರಣ, ಭಕ್ತಿಯ ಸಂಕೋಚವೂ ಕಾರಣ. ದೇವಾಲಯ ಇದ್ದಷ್ಟು ಕಾಲ ವರ್ಷಕ್ಕೊಮ್ಮೆ ಪ್ರಾಯಶ್ಚಿತ್ತದ ದಿನದಂದು ಮಹಾಯಾಜಕ ಅದನ್ನು ಉಚ್ಚರಿಸುತ್ತಿದ್ದನೆಂದು ಯೆಹೂದಿ ಪರಂಪರೆ ಹೇಳುತ್ತದೆ. ಉಳಿದವರು ಬರೆದದ್ದನ್ನು ಕಣ್ಣಿನಿಂದ ನೋಡಿ, ಬಾಯಲ್ಲಿ ‘ನನ್ನ ಒಡೆಯ’ ಎಂಬರ್ಥದ ‘ಅದೋನಾಯ್’ ಎಂಬ ಮಾತನ್ನು ಆಡುತ್ತಿದ್ದರು. ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪು ಕಟ್ಟಿ ಹೇಳುವ ರೂಢಿಯನ್ನು ಕಂಡ ಕನ್ನಡ ನಾಡಿನ ಓದುಗರಿಗೆ, ಗೌರವವೇ ಹೆಸರನ್ನು ನಾಲಗೆಯಿಂದ ದೂರವಿಡುವ ಈ ಕ್ರಮ ವಿಚಿತ್ರವಾಗಿ ತೋರಲಾರದು. ಆದರೆ ಒಡಪಿನಲ್ಲಿ ಕಡೆಗೆ ಹೆಸರು ಬಂದೇ ಬರುತ್ತದೆ. ಯೆಹೂದ್ಯರಲ್ಲಿ ಕ್ರಿಸ್ತಶಕ 70ರಲ್ಲಿ ದೇವಾಲಯ ನಾಶವಾದ ಮೇಲೆ ಅದನ್ನು ಉಚ್ಚರಿಸುವ ಬಗೆಯೇ ಮರೆತುಹೋಯಿತು.

ಮರೆತದ್ದಕ್ಕೆ ಲಿಪಿಯೂ ಕಾರಣ. ಹಳೆಯ ಹೀಬ್ರೂ ಬರವಣಿಗೆಯಲ್ಲಿ ವ್ಯಂಜನಗಳು ಮಾತ್ರ ಇದ್ದು, ಸ್ವರಗಳನ್ನು ಓದುವವನೇ ರೂಢಿಯಿಂದ ತುಂಬಿಕೊಳ್ಳಬೇಕಿತ್ತು. ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳ ಉತ್ತರಾರ್ಧದಲ್ಲಿ ಮಸೊರೇತರೆಂಬ ಪಂಡಿತರು ಅಕ್ಷರಗಳ ಮೇಲೆ ಕೆಳಗೆ ಚುಕ್ಕೆ ಗೆರೆಗಳನ್ನಿಟ್ಟು ಸ್ವರಗಳನ್ನು ಗುರುತಿಸಿದಾಗ, ಈ ನಾಲ್ಕಕ್ಷರಕ್ಕೆ ಅದರದೇ ಸ್ವರಗಳನ್ನು ಕೊಡದೆ, ಓದುವಾಗ ‘ಅದೋನಾಯ್’ ಎನ್ನಬೇಕೆಂದು ನೆನಪಿಸಲು ಆ ಪದದ ಸ್ವರಗಳನ್ನು ತಗುಲಿಸಿದರು. ಮಧ್ಯಯುಗದ ಕ್ರೈಸ್ತ ಪಂಡಿತರು ಈ ವ್ಯಂಜನಗಳನ್ನೂ ಆ ಸ್ವರಗಳನ್ನೂ ಕೂಡಿಸಿಯೇ ಓದಿದ್ದರಿಂದ ಹುಟ್ಟಿದ ರೂಪ ‘ಯೆಹೋವ’. ಲ್ಯಾಟಿನ್ ಬರಹಗಳಲ್ಲಿ ಅದು ಹದಿಮೂರನೆಯ ಶತಮಾನದಿಂದ ಕಾಣಿಸಿಕೊಳ್ಳುತ್ತದೆ. ಇಂದಿನ ಹೀಬ್ರೂ ವಿದ್ವಾಂಸರಲ್ಲಿ ಹೆಚ್ಚಿನವರು ಮೂಲ ಉಚ್ಚಾರ ‘ಯಾಹ್ವೆ’ ಎಂಬುದಕ್ಕೆ ಹತ್ತಿರವಾಗಿತ್ತೆಂದು ಭಾವಿಸುತ್ತಾರೆ. ಅವರ ಆಧಾರ ಎರಡು ಬಗೆಯದು: ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ಥಿಯೊಡೊರೆಟ್ ಮೊದಲಾದ ಪ್ರಾಚೀನ ಕ್ರೈಸ್ತ ಲೇಖಕರು ಗ್ರೀಕ್ ಅಕ್ಷರಗಳಲ್ಲಿ ಬರೆದಿಟ್ಟ ಉಚ್ಚಾರಗಳು ಒಂದು, ಹೀಬ್ರೂ ವ್ಯಕ್ತಿನಾಮಗಳಲ್ಲಿಯೂ ‘ಹಲ್ಲೆಲೂಯ’ ಎಂಬ ಸ್ತುತಿಪದದಲ್ಲಿಯೂ ಉಳಿದಿರುವ ‘ಯಾಹ್’ ಎಂಬ ಮೊಟಕು ರೂಪ ಇನ್ನೊಂದು.

ಇಂಗ್ಲಿಷ್ ಬೈಬಲ್ಲಿಗೆ ‘ಲಾರ್ಡ್’ ಬಂದದ್ದು ಗ್ರೀಕಿನ ದಾರಿಯಿಂದ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಅಲೆಕ್ಸಾಂಡ್ರಿಯದಲ್ಲಿ ಸಿದ್ಧವಾದ ಗ್ರೀಕ್ ಭಾಷಾಂತರದ ಕೆಲವು ಅತಿ ಹಳೆಯ ತುಣುಕುಗಳಲ್ಲಿ ಗ್ರೀಕ್ ಸಾಲುಗಳ ನಡುವೆ ಈ ನಾಮ ಮಾತ್ರ ಹೀಬ್ರೂ ಲಿಪಿಯಲ್ಲಿಯೇ ಇದೆ. ಆದರೆ ಕ್ರೈಸ್ತರು ನಕಲು ಮಾಡಿ ಉಳಿಸಿದ ಪ್ರತಿಗಳಲ್ಲಿ ‘ಒಡೆಯ’ ಎಂಬರ್ಥದ ‘ಕೂರಿಯೊಸ್’ ನೆಲೆಗೊಂಡಿತು, ಜೆರೋಮನ ಲ್ಯಾಟಿನ್ ಬೈಬಲ್ಲಿನಲ್ಲಿ ಅದು ‘ದೊಮಿನುಸ್’ ಆಯಿತು, ಇಂಗ್ಲಿಷಿನಲ್ಲಿ ‘ಲಾರ್ಡ್’ ಆಯಿತು. ವಿಲಿಯಂ ಟಿಂಡೇಲ್ 1530ರಲ್ಲಿ ಮೋಶೆಯ ಐದು ಗ್ರಂಥಗಳನ್ನು ಇಂಗ್ಲಿಷಿಗೆ ತಂದಾಗ ಕೆಲವೆಡೆ ಹೆಸರನ್ನೇ ಇಟ್ಟನು. 1611ರ ಕಿಂಗ್ ಜೇಮ್ಸ್ ಭಾಷಾಂತರ ಅದನ್ನು ಬಿಡಿಯಾಗಿ ನಾಲ್ಕೇ ಕಡೆ ಉಳಿಸಿಕೊಂಡು ಉಳಿದೆಡೆಯಲ್ಲೆಲ್ಲ ದೊಡ್ಡಕ್ಷರದ ‘ಲಾರ್ಡ್’ ಅಥವಾ ‘ಗಾಡ್’ ಪದವನ್ನು ಬಳಸಿತು. 1901ರ ಅಮೆರಿಕನ್ ಪರಿಷ್ಕರಣ ‘ಜೆಹೋವ’ ರೂಪವನ್ನು ಉದ್ದಕ್ಕೂ ಮರಳಿ ಸ್ಥಾಪಿಸಿತು, ಮರುವರ್ಷವೇ ಜೋಸೆಫ್ ರಾದರ್‌ಹ್ಯಾಮ್ ತನ್ನ ಭಾಷಾಂತರದಲ್ಲಿ ‘ಯಾಹ್ವೆ’ ರೂಪವನ್ನು ಹಿಡಿದನು, 1952ರ ಪರಿಷ್ಕರಣ ಮತ್ತೆ ‘ಲಾರ್ಡ್’ಗೆ ಹಿಂತಿರುಗಿತು. ಕ್ಯಾಥೊಲಿಕ್ ವಿದ್ವಾಂಸರ 1966ರ ಜೆರುಸಲೇಂ ಬೈಬಲ್, ಯೆಹೋವನ ಸಾಕ್ಷಿಗಳ ಹೊಸ ಲೋಕ ಭಾಷಾಂತರ, ಅಮೆರಿಕದಲ್ಲಿ 1930ರ ದಶಕದಲ್ಲಿ ತಲೆಯೆತ್ತಿದ ಪವಿತ್ರನಾಮ ಪಂಥದವರ ಬೈಬಲ್ಲುಗಳು, 2021ರ ಲೆಗಸಿ ಸ್ಟ್ಯಾಂಡರ್ಡ್ ಬೈಬಲ್ ಇವೆಲ್ಲ ಬೇರೆಬೇರೆ ಉದ್ದೇಶಗಳಿಂದ ಹೆಸರಿನ ಪಕ್ಷವನ್ನು ವಹಿಸಿದವು.

ಹೆಸರನ್ನು ಬಿಟ್ಟವರ ವಾದದಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ‘ಜೆಹೋವ’ ಎಂಬುದು ಹೀಬ್ರೂವಿನಲ್ಲಿ ಎಂದೂ ಇಲ್ಲದ ರೂಪ ಎನ್ನುವುದರ ಜೊತೆಗೆ, ಇರುವವನು ಒಬ್ಬನೇ ದೇವರಾದ ಮೇಲೆ ಬೇರೆ ದೇವರುಗಳಿಂದ ಗುರುತಿಸಿ ತೋರಿಸಲೋ ಎಂಬಂತೆ ಅವನಿಗೊಂದು ಅಂಕಿತನಾಮ ಇಡುವುದು ಸಲ್ಲದು ಎಂದೂ 1952ರ ಪರಿಷ್ಕಾರಕರು ಹೇಳಿದರು. ಸುತ್ತಲೂ ಬೇರೆ ದೇವರ ಹೆಸರೇ ಕೇಳಿಸದ ಅಮೆರಿಕದಲ್ಲಿ ಈ ಮಾತಿಗೆ ತೂಕವಿರಬಹುದು. ಅಂಕೋಲೆಯಲ್ಲಿ ವೈಶಾಖದ ಬಂಡಿಹಬ್ಬದಲ್ಲಿ ಊರೆಲ್ಲ ಶಾಂತಾದುರ್ಗೆಯ ಹೆಸರೆತ್ತಿ ಸೇರುವಾಗ, ದಕ್ಷಿಣಕ್ಕೆ ಗೋಕರ್ಣದಲ್ಲಿ ಮಹಾಬಲೇಶ್ವರನಿರುವಾಗ, ‘ದೇವರು’ ಎಂಬುದು ಜಾತಿವಾಚಕವಾಗಿಯೂ ಪ್ರತಿಯೊಂದು ದೇವರಿಗೆ ಅಂಕಿತನಾಮ ಬೇರೆಯಾಗಿಯೂ ಇರುವುದು ಜನರ ಸಹಜ ತಿಳಿವಳಿಕೆಯಾಗಿದೆ. ಇಂಥ ಕಡೆ ಹೆಸರಿಲ್ಲದ ದೇವರು ಎಂದರೆ ಎಲ್ಲರ ದೇವರು ಎಂದೇ ಅರ್ಥವಾಗುವುದಿಲ್ಲ. ಯಾವ ದೇವರು ಎಂಬ ಪ್ರಶ್ನೆ ಏಳುತ್ತದೆ. ಹೀಬ್ರೂ ಗ್ರಂಥ ಹುಟ್ಟಿದ್ದೂ ಬಾಳ್, ಕೆಮೋಷ್, ದಾಗೋನ್ ಮುಂತಾದ ಹೆಸರುಳ್ಳ ದೇವರುಗಳ ನೆರೆಹೊರೆಯಲ್ಲಿಯೇ ಆದ್ದರಿಂದ, ಈ ಕರಾವಳಿಯ ಓದುಗ ಅದರ ಮೂಲ ಸನ್ನಿವೇಶಕ್ಕೆ ಲಂಡನ್ನಿನ ಓದುಗನಿಗಿಂತ ಹತ್ತಿರದಲ್ಲಿದ್ದಾನೆ ಎಂದರೂ ತಪ್ಪಾಗದು.

ಕನ್ನಡದಲ್ಲಿ ಇಡೀ ಬೈಬಲ್ ಮೊದಲು ಸಿದ್ಧವಾದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ನಿಘಂಟುಕಾರನೆಂದು ಹೆಸರಾದ ವಿಲಿಯಂ ರೀವ್ ಮೊದಲಾದವರ ನೆರವಿನಿಂದ 1831ರ ಹೊತ್ತಿಗೆ ಕೆಲಸವನ್ನು ಮುಗಿಸಿದನು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೊನ್ನಾವರದವರೆಗೆ ಠಾಣೆಗಳನ್ನು ತೆರೆಯಿತು. ಅದರ ಗಾಟ್‌ಫ್ರೀಡ್ ವೈಗಲ್, ಹರ್ಮನ್ ಮೋಗ್ಲಿಂಗ್ ಮುಂತಾದವರು ಬಳ್ಳಾರಿಯ ಭಾಷಾಂತರವನ್ನು ತಿದ್ದಿ ಕನ್ನಡದ ಜಾಯಮಾನಕ್ಕೆ ಒಗ್ಗಿಸಲು ದುಡಿದರು. ಮುಂದೆಯೂ ಪರಿಷ್ಕರಣಗಳನ್ನು ಕಂಡು, ‘ಸತ್ಯವೇದವು’ ಎಂಬ ಹೆಸರಿನಲ್ಲಿ ಪ್ರಾಟೆಸ್ಟಂಟ್ ಸಭೆಗಳಲ್ಲಿ ಇಂದಿಗೂ ಓದುವ ಹಳೆಯ ಭಾಷಾಂತರದಲ್ಲಿ ನಾಲ್ಕಕ್ಷರದ ನಾಮ ಬಂದೆಡೆಯಲ್ಲೆಲ್ಲ ‘ಯೆಹೋವ’ ಎಂದೇ ಇದೆ. ತೆಲುಗು, ಮಲಯಾಳಂ, ಹಿಂದಿಯ ಹಳೆಯ ಭಾಷಾಂತರಗಳ ದಾರಿಯೂ ಇದೇ. ತಮಿಳು ‘ಕರ್ತರ್’ ಎಂದಿತು, ಮರಾಠಿ ‘ಪರಮೇಶ್ವರ’ ಎಂದಿತು.

ಹೆಸರನ್ನು ಉಳಿಸಿಕೊಂಡದ್ದರಿಂದ ಕನ್ನಡಕ್ಕಾದ ದೊಡ್ಡ ಲಾಭ ಲಿಪಿಗೆ ಸಂಬಂಧಿಸಿದ್ದು. ಇಂಗ್ಲಿಷಿನ ವಾದವನ್ನು ಹಾಗೆಯೇ ಇಲ್ಲಿಗೆ ಎತ್ತಿ ತರುವವರು ಸಾಮಾನ್ಯವಾಗಿ ಗಮನಿಸದ ಸಂಗತಿಯೂ ಇದೇ. ಇಂಗ್ಲಿಷಿನಲ್ಲಿ ದೊಡ್ಡಕ್ಷರದ ‘ಲಾರ್ಡ್’ ಮೂಲದ ನಾಮವನ್ನೂ ಸಣ್ಣಕ್ಷರದ ‘ಲಾರ್ಡ್’ ಕೇವಲ ಒಡೆಯನೆಂಬ ಪದವನ್ನೂ ಸೂಚಿಸುತ್ತದೆ; ಗಟ್ಟಿಯಾಗಿ ಓದುವಾಗ ಈ ವ್ಯತ್ಯಾಸ ಕೇಳಿಸುವುದಿಲ್ಲವಾದರೂ ಕಣ್ಣಿಗಾದರೂ ಕಾಣುತ್ತದೆ. ಕನ್ನಡಕ್ಕಾಗಲಿ ನಾಗರಿಗಾಗಲಿ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವೇ ಇಲ್ಲ. ಆದ್ದರಿಂದ ನೂರಹತ್ತನೆಯ ಕೀರ್ತನೆಯ ಆರಂಭದಲ್ಲಿ ದೇವರು ಕವಿಯ ಒಡೆಯನಾದ ಅರಸನೊಂದಿಗೆ ಮಾತಾಡುವುದನ್ನು ಎರಡೂ ಕಡೆ ‘ಕರ್ತನು’ ಎಂದೇ ಅನುವಾದಿಸಿದ್ದರೆ, ಯಾರು ಯಾರಿಗೆ ಹೇಳಿದರೆಂಬುದೇ ತಿಳಿಯುತ್ತಿರಲಿಲ್ಲ. ಹಳೆಯ ಭಾಷಾಂತರಕಾರರು ಒಂದೆಡೆ ‘ಯೆಹೋವ’, ಇನ್ನೊಂದೆಡೆ ‘ಒಡೆಯ’ ಎಂದಿಟ್ಟು ತೊಡಕನ್ನು ಬಿಡಿಸಿದರು. ವಿಮೋಚನಕಾಂಡದ ಆರನೆಯ ಅಧ್ಯಾಯದಲ್ಲಿ, ಪೂರ್ವಿಕರಿಗೆ ಒಂದು ಬಿರುದಿನಿಂದ ಕಾಣಿಸಿಕೊಂಡ ದೇವರು ತನ್ನ ಈ ಹೆಸರನ್ನು ಮಾತ್ರ ಅವರಿಗೆ ತಿಳಿಸಿರಲಿಲ್ಲ ಎನ್ನುವ ಮಾತಂತೂ ಹೆಸರನ್ನು ಅಳಿಸಿದ ಭಾಷಾಂತರದಲ್ಲಿ ಅರ್ಥವನ್ನೇ ಕಳೆದುಕೊಳ್ಳುತ್ತದೆ.

ಹಳೆಯ ಕನ್ನಡ ಭಾಷಾಂತರ ಬೇರೆ ಹೀಬ್ರೂ ಬಿರುದುಗಳಿಗೂ ನಿಯತವಾದ ಪದಗಳನ್ನು ಹುಡುಕಿಕೊಂಡಿತು: ‘ಎಲ್ ಷದ್ದಾಯ್’ ಎಂಬುದಕ್ಕೆ ಸರ್ವಶಕ್ತನಾದ ದೇವರು, ‘ಎಲ್ ಎಲ್ಯೋನ್’ ಎಂಬುದಕ್ಕೆ ಪರಾತ್ಪರನಾದ ದೇವರು, ಸೈನ್ಯಗಳ ಅಧಿಪತಿ ಎಂಬರ್ಥದ ‘ಸೆಬಾವೋತ್’ ಎಂಬುದಕ್ಕೆ ಸೇನಾಧೀಶ್ವರ. ಇವೆಲ್ಲ ಸಂಸ್ಕೃತದ ಭಂಡಾರದಿಂದ ಬಂದವು. ‘ಎಲೋಹೀಮ್’ ಎಂಬ ಸಾಮಾನ್ಯ ಪದಕ್ಕೆ ‘ದೇವರು’ ಎಂದಿಟ್ಟದ್ದರಲ್ಲಿ ಮಾತ್ರ ಒಂದು ಆಕಸ್ಮಿಕ ಸೊಗಸಿದೆ. ಹೀಬ್ರೂವಿನಲ್ಲಿ ‘ಎಲೋಹೀಮ್’ ರೂಪದಲ್ಲಿ ಬಹುವಚನ; ಆದರೂ ಇಸ್ರಾಯೇಲಿನ ದೇವರನ್ನು ಕುರಿತಾಗ ಅದಕ್ಕೆ ಏಕವಚನದ ಕ್ರಿಯಾಪದ ಬರುತ್ತದೆ. ಕನ್ನಡದ ‘ದೇವರು’ ಕೂಡ ಗೌರವದ ಬಹುವಚನ ರೂಪ, ಹಳೆಯ ಭಾಷಾಂತರದ ಆದಿಕಾಂಡ ಅದಕ್ಕೂ ‘-ದನು’ ಎಂದು ಕೊನೆಯಾಗುವ ಏಕವಚನದ ಕ್ರಿಯಾಪದವನ್ನೇ ಕೊಡುತ್ತದೆ. ಯುರೋಪಿನ ಯಾವ ದೊಡ್ಡ ಭಾಷಾಂತರಕ್ಕೂ ಈ ಹೊಂದಾಣಿಕೆ ಇಷ್ಟು ಸುಲಭದಲ್ಲಿ ಒದಗಿಲ್ಲ. ಅಂಕಿತನಾಮಕ್ಕೆ ಬಂದರೆ ಸ್ಥಿತಿ ಬೇರೆ: ‘ಯೆಹೋವ’ ಅಕಾರಾಂತ ಪುಲ್ಲಿಂಗ ಪದಗಳಂತೆ ‘ಯೆಹೋವನು, ಯೆಹೋವನಿಗೆ, ಯೆಹೋವನಲ್ಲಿ’ ಎಂದು ವಿಭಕ್ತಿಗಳನ್ನು ತೊಟ್ಟುಕೊಂಡು ರಾಮ, ಶಿವ ಎಂಬ ಹೆಸರುಗಳ ಸಾಲಿನಲ್ಲಿ ಕುಳಿತಿತು, ‘ಯೆಹೋವರು’ ಎಂದು ಯಾರೂ ಹೇಳಲಿಲ್ಲ. ಹೊರಗಿನಿಂದ ಬಂದ ಹೆಸರು ಇಷ್ಟು ಬೇಗ ವ್ಯಾಕರಣಕ್ಕೆ ಒಗ್ಗಿದ್ದೇ ಅದು ಬಾಳಿದ್ದಕ್ಕೆ ಒಂದು ಕಾರಣವಿರಬೇಕು.

ಕಾರವಾರದ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿಯಾಡುವ ಕ್ಯಾಥೊಲಿಕರಾಗಿದ್ದು, ಅವರ ಧಾರ್ಮಿಕ ಪದಕೋಶ ಬಳ್ಳಾರಿಯಿಂದಲೂ ಮಂಗಳೂರಿನ ಬಾಸೆಲ್ ಮಿಶನ್ನಿನಿಂದಲೂ ಬಂದದ್ದಲ್ಲ, ಕಾಳಿ ನದಿಯ ಆಚೆಯ ಗೋವೆಯಿಂದ ಬಂದದ್ದು. ಅಲ್ಲಿ ಸಾಷ್ಟಿ ಪ್ರಾಂತದಲ್ಲಿ ನೆಲಸಿದ್ದ ಇಂಗ್ಲಿಷ್ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದು, ಕೊಂಕಣಿ ಬೆರೆತ ಮರಾಠಿಯಲ್ಲಿ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತ ಪುರಾಣ’ವನ್ನು ರಚಿಸಿದನು, ಅದು 1616ರಲ್ಲಿ ರಾಯ್ತೂರಿನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಅವನ ದೇಶದವರು ಐದು ವರ್ಷಗಳ ಹಿಂದಷ್ಟೇ ಹೀಬ್ರೂ ನಾಮದ ಮೇಲೆ ದೊಡ್ಡಕ್ಷರದ ‘ಲಾರ್ಡ್’ ಎಂಬ ತೆರೆಯನ್ನು ಎಳೆದಿದ್ದ ಕಾಲದಲ್ಲಿ, ಸ್ಟೀಫನ್ಸ್ ಅದೇ ದೇವರನ್ನು ‘ಪರಮೇಶ್ವರ’ ಎಂದು, ಅವನ ಲೋಕವನ್ನು ‘ವೈಕುಂಠ’ ಎಂದು ಕರೆದನು. ಕಾಳಿ ನದಿಯ ಈಚೆಗೆ ಕನ್ನಡ ಜಿಲ್ಲೆಯ ಕೊಂಕಣಿ ಕ್ರೈಸ್ತರಲ್ಲಿಯೂ ಈ ಕೃತಿಯ ಹಸ್ತಪ್ರತಿಗಳು ಉಳಿದುಬಂದವು. 1907ರಲ್ಲಿ ಜೋಸೆಫ್ ಸಲ್ದಾನ್ಹಾ ಮಂಗಳೂರಿನಿಂದ ಅದನ್ನು ಮತ್ತೆ ಪ್ರಕಟಿಸಿದ್ದು ಅದರಿಂದಾಗಿಯೇ.

ಸ್ಟೀಫನ್ಸನ ಧೈರ್ಯ ಎಲ್ಲ ಪಾದ್ರಿಗಳಿಗೂ ಇರಲಿಲ್ಲ. ಸ್ಥಳೀಯ ಪದಗಳನ್ನು ತೆಗೆದುಕೊಂಡರೆ ಅವುಗಳ ಜೊತೆಗೆ ಹಳೆಯ ಅರ್ಥಗಳೂ ಒಳಗೆ ಬರುತ್ತವೆಂಬ ಅಂಜಿಕೆಯಿಂದ ಕೆಲವು ಪದಗಳನ್ನು ಪೋರ್ಚುಗೀಸಿನಿಂದಲೇ ಇಟ್ಟುಕೊಂಡರು. ಕೊಂಕಣಿಯ ಹಳೆಯ ಪ್ರಾರ್ಥನೆಗಳಲ್ಲಿ ಇದರ ಫಲ ಒಂದೇ ಸಾಲಿನಲ್ಲಿ ಕಾಣುತ್ತದೆ: ತಂದೆಗೆ ‘ಬಾಪ್’ ಎಂಬ ದೇಶೀ ಪದವಿದ್ದರೆ, ಪವಿತ್ರಾತ್ಮನಿಗೆ ‘ಇಸ್ಪಿರಿತ್ ಸಾಂತ್’ ಎಂಬ ಪೋರ್ಚುಗೀಸ್ ಹೆಸರಿದ್ದು, ಅದು ‘ಪವಿತ್ರ್ ಆತ್ಮೊ’ ಆದದ್ದು ಬಹಳ ತಡವಾಗಿ. ದೇವರಿಗೆ ಮಾತ್ರ ಸಂಸ್ಕೃತ ಮೂಲದ ಎರಡು ಪದಗಳು ಬೇರೂರಿದವು: ‘ಸ್ವಾಮಿ’ ಎಂಬುದರಿಂದ ಬಂದ ‘ಸೊಮಿ’, ‘ಸರ್ವೇಶ್ವರ’ ಎಂಬುದು ಕೊಂಕಣಿಯ ಬಾಯಲ್ಲಿ ತಿರುಗಿ ಆದ ‘ಸರ್ವೆಸ್ಪರ್’. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಮ್ಮೇಳನದ ಬಳಿಕ ಪೂಜೆಯ ಭಾಷೆ ಲ್ಯಾಟಿನ್ನಿನಿಂದ ಜನರ ಭಾಷೆಗಳಿಗೆ ಇಳಿದಾಗ, ಪೀಠದ ‘ದೊಮಿನುಸ್’ ಇದ್ದ ಜಾಗಕ್ಕೆ ಮನೆಯ ಜಪದಲ್ಲಿ ಆಗಲೇ ಇದ್ದ ಈ ಪದಗಳು ಬಂದು ನಿಂತವು. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ ರಚನೆಯಾದಾಗ ಅದಕ್ಕೆ ಕೊಂಕಣಿಯೂ ಕನ್ನಡವೂ ಎರಡೂ ಬೇಕಾದವು.

ಕನ್ನಡದಲ್ಲಿಯೂ ಬದಲಾವಣೆ ಬಂದದ್ದು ಆ ಕಾಲದ ಸುಮಾರಿಗೆ. ಬೈಬಲ್ ಸೊಸೈಟಿ ಆಫ್ ಇಂಡಿಯಾ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೊರತಂದ, ಆಡುಮಾತಿಗೆ ಹತ್ತಿರವಾದ ಹೊಸ ಭಾಷಾಂತರದಲ್ಲಿ ‘ಯೆಹೋವ’ ಇಲ್ಲ; ಅದರ ಬದಲು ‘ಸರ್ವೇಶ್ವರ’, ‘ಸರ್ವೇಶ್ವರ ಸ್ವಾಮಿ’, ಕೀರ್ತನೆಗಳಲ್ಲಿ ‘ಪ್ರಭು’ ಎಂದಿದೆ. ಕ್ಯಾಥೊಲಿಕ್ ಆರಾಧನೆಯಲ್ಲಿ ಓದುವುದು ಇದೇ ನುಡಿಗಟ್ಟಿನ ಪಾಠ. 2008ರ ಜೂನ್ 29ರಂದು ವ್ಯಾಟಿಕನ್ನಿನ ಆರಾಧನಾ ವಿಭಾಗ ಪತ್ರವೊಂದನ್ನು ಬರೆದು, ನಾಲ್ಕಕ್ಷರದ ನಾಮವನ್ನು ಯಾವ ಉಚ್ಚಾರದಲ್ಲಿಯೂ ಪೂಜೆಯಲ್ಲಾಗಲಿ ಹಾಡಿನಲ್ಲಾಗಲಿ ಬಳಸಕೂಡದೆಂದು ಜಗತ್ತಿನ ಬಿಷಪ್ ಸಮಿತಿಗಳಿಗೆ ತಿಳಿಸಿದಾಗ, ‘ಯಾಹ್ವೆ’ ಎಂಬ ಪದವಿದ್ದ ಇಂಗ್ಲಿಷ್ ಗೀತೆಗಳನ್ನು ತಿದ್ದಬೇಕಾಯಿತು. ‘ಸರ್ವೇಶ್ವರ’ ಎನ್ನುವ ಕನ್ನಡ ಪಾಠವಾಗಲಿ ‘ಸೊಮಿ’ ಎನ್ನುವ ಕೊಂಕಣಿ ಪ್ರಾರ್ಥನೆಯಾಗಲಿ ಆ ತಿದ್ದುಪಡಿಯ ವ್ಯಾಪ್ತಿಗೆ ಬರುವಂಥವಲ್ಲ.

ಆದರೆ ‘ಸರ್ವೇಶ್ವರ’ವನ್ನು ಇಂಗ್ಲಿಷಿನ ‘ಲಾರ್ಡ್’ನ ಹಾಗೆ ಬರಿಯ ಬಿರುದು ಎನ್ನುವುದು ಕಷ್ಟ. ‘ಲಾರ್ಡ್’ ಯಾವ ದೇವಾಲಯದ ದೇವರ ಹೆಸರೂ ಅಲ್ಲ. ‘ಈಶ್ವರ’ ಕೊನೆಗಿರುವ ಪದವೋ ಮಹಾಬಲೇಶ್ವರ, ಮುರುಡೇಶ್ವರಗಳ ಸಾಲಿನಲ್ಲಿ ತಾನೂ ಒಂದು ಶಿವನಾಮವಾಗಿ ಕೇಳಿಸುತ್ತದೆ. ಅಂದರೆ ಹೆಸರಿನ ಜಾಗದಲ್ಲಿ ಬಿರುದನ್ನು ಇಟ್ಟೆವೆಂದುಕೊಂಡ ಭಾಷಾಂತರಕಾರರು ವಾಸ್ತವವಾಗಿ ಒಂದು ಹೆಸರಿಗೆ ಇನ್ನೊಂದು ಹೆಸರನ್ನು ಇಟ್ಟರು. ನಾಲ್ಕು ಶತಮಾನಗಳ ಹಿಂದೆ ಸ್ಟೀಫನ್ಸ್ ‘ಪರಮೇಶ್ವರ’ ಎಂದಾಗಲೂ ಆದದ್ದು ಇದೇ. ಮರಾಠಿ ಬೈಬಲ್ಲಿನಲ್ಲಿ ಆಗಿರುವುದೂ ಇದೇ. ಇದನ್ನು ದೋಷವೆಂದೇ ಎಣಿಸಬೇಕಾಗಿಲ್ಲ, ಏಕೆಂದರೆ ಈ ಪದಗಳ ಬೆಚ್ಚನೆಯ ಪರಿಚಿತತೆ ‘ಯೆಹೋವ’ಕ್ಕೆ ಇಲ್ಲ, ಜಪಕ್ಕೂ ಹಾಡಿಗೂ ಬೇಕಾದದ್ದು ಆ ಪರಿಚಿತತೆಯೇ. ಆದರೆ ಇತಿಹಾಸವೂ ಕಾವ್ಯವೂ ಆಗಿರುವ ಗ್ರಂಥವನ್ನು ಅಭ್ಯಾಸದ ದೃಷ್ಟಿಯಿಂದ ಓದುವವನಿಗೆ ಹಳೆಯ ಭಾಷಾಂತರವೇ ಹೆಚ್ಚು ಪ್ರಾಮಾಣಿಕವಾದದ್ದೆಂದು ಹೇಳಬೇಕಾಗುತ್ತದೆ.

ಹಾಗಾದರೆ ಕನ್ನಡದಲ್ಲಿಯೂ ‘ಯೆಹೋವ’ವನ್ನು ತೆಗೆದು ‘ಯಾಹ್ವೆ’ ಎಂದು ಇನ್ನೂ ಮೂಲಕ್ಕೆ ಸರಿಯಬೇಕೇ ಎಂಬ ಪ್ರಶ್ನೆಗೆ ಒತ್ತಾಯದ ಕಾರಣಗಳು ಕಾಣುವುದಿಲ್ಲ. ‘ಯಾಹ್ವೆ’ ವಿದ್ವತ್ತಿನ ಒಳ್ಳೆಯ ಊಹೆ, ಆದರೂ ಊಹೆಯೇ. ಕನ್ನಡದ ರೂಪ ಸ್ವರಗಳಲ್ಲಿ ತಪ್ಪಿದ್ದರೂ ನಾಲ್ಕು ವ್ಯಂಜನಗಳಲ್ಲಿ ಕೇಳಿಸುವ ಮೂರನ್ನೂ ಮೂಲದಂತೆಯೇ ಉಳಿಸಿಕೊಂಡಿದೆ. ಮೊದಲ ಅಕ್ಷರವನ್ನು ‘ಜ’ ಮಾಡಿಕೊಂಡ ಇಂಗ್ಲಿಷಿಗಿಂತ ಅದು ಹೀಬ್ರೂವಿಗೆ ಹತ್ತಿರ. ವ್ಯಕ್ತಿನಾಮಗಳಲ್ಲಂತೂ ಎಲ್ಲ ಭಾಷೆಗಳೂ ಇದಕ್ಕಿಂತ ದೊಡ್ಡ ಸ್ವಾತಂತ್ರ್ಯವನ್ನು ವಹಿಸಿವೆ: ‘ಯೇಶುವ’ ಎಂಬ ಹೀಬ್ರೂ ಹೆಸರು ಗ್ರೀಕಿನ ದಾರಿಯಿಂದ ಕನ್ನಡಕ್ಕೆ ‘ಯೇಸು’ ಆಗಿ, ಪೋರ್ಚುಗೀಸಿನ ದಾರಿಯಿಂದ ಕೊಂಕಣಿಗೆ ‘ಜೆಜು’ ಆಗಿ ಬಂತು. ‘ಯೆಹೋವನ ಕೃಪೆ’ ಎಂಬರ್ಥದ ‘ಯೋಹಾನಾನ್’ ಕನ್ನಡದಲ್ಲಿ ‘ಯೋಹಾನ’, ಗೋವೆ ಕಾರವಾರಗಳ ಕೊಂಕಣಿಯಲ್ಲಿ ‘ಜುವಾಂವ್’. ನಾಲ್ಕಕ್ಷರದ ನಾಮದ ಒಂದು ಚೂರು ಎರಡರಲ್ಲಿಯೂ ಅಡಗಿದೆ.

ಹೊಸ ಒಡಂಬಡಿಕೆಯ ವಿಷಯದಲ್ಲಿ ಪುನಃಸ್ಥಾಪಕರ ವಾದ ಇನ್ನೂ ಸಡಿಲ. ಅದರ ಮೂಲ ಗ್ರೀಕ್. ಇಂದು ಉಳಿದಿರುವ ಅದರ ಯಾವ ಗ್ರೀಕ್ ಹಸ್ತಪ್ರತಿಯಲ್ಲಿಯೂ ನಾಲ್ಕಕ್ಷರದ ನಾಮ ಇಲ್ಲ. ಹಳೆಯ ಒಡಂಬಡಿಕೆಯಿಂದ ಎತ್ತಿದ ಮಾತುಗಳಲ್ಲೂ ‘ಕೂರಿಯೊಸ್’ ಎಂದೇ ಇದೆ. ಹೊಸ ಲೋಕ ಭಾಷಾಂತರ ಹೊಸ ಒಡಂಬಡಿಕೆಯಲ್ಲಿ 237 ಸಲ ಹೆಸರನ್ನು ಸೇರಿಸಿದ್ದು ಹಸ್ತಪ್ರತಿಗಳ ಆಧಾರಕ್ಕಿಂತ ತತ್ತ್ವದ ಬಲದ ಮೇಲೆ. ಹಳೆಯ ಕನ್ನಡ ಭಾಷಾಂತರ ಹೊಸ ಒಡಂಬಡಿಕೆಯಲ್ಲಿ ‘ಕರ್ತನು’ ಎಂದು ಬದಲಾಯಿಸಿಕೊಂಡು ಗ್ರೀಕ್ ಮೂಲಕ್ಕೆ ನಿಷ್ಠವಾಗಿಯೇ ಉಳಿಯಿತು. ಇದರಿಂದ ಓದುಗನಿಗೆ ಆಗುವ ತೊಂದರೆಯೆಂದರೆ, ನೂರಹತ್ತನೆಯ ಕೀರ್ತನೆಯ ‘ಯೆಹೋವ’ನೇ ಮತ್ತಾಯನ ಸುವಾರ್ತೆಯ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಆ ಸಾಲು ಮರಳಿ ಬಂದಾಗ ‘ಕರ್ತ’ನಾಗಿರುವುದು ಸುಲಭವಾಗಿ ಹೊಳೆಯುವುದಿಲ್ಲ. ಅದನ್ನು ಸರಿಪಡಿಸಲು ಪುಟದ ಅಡಿಯಲ್ಲಿ ಒಂದು ಟಿಪ್ಪಣಿ ಸಾಕು. ‘ಸರ್ವೇಶ್ವರ’ ಎಂದಿಟ್ಟ ಭಾಷಾಂತರದಲ್ಲಿಯೂ ಇದರ ಹಿಂದೆ ಹೀಬ್ರೂವಿನ ಯಾವ ಪದವಿದೆ ಎಂಬುದನ್ನು ಮುನ್ನುಡಿಯಲ್ಲಿ ಎರಡು ಸಾಲು ಬರೆದರೆ ಪಾಠವನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.